ಒಳಗಿನ ಚಿಲಕ

ಎತ್ತುಗಳನ್ನು ಮಾರಿ ಎಂಟು ತಿಂಗಳಾಗಿದ್ದರೂ ಪಿಳ್ಳಪ್ಪ ಬೆಳಿಗ್ಗೆ ಎದ್ದವನು ಮೊದಲು ನೋಡುತ್ತಿದ್ದುದು ಕೊಟ್ಟಿಗೆಯ ಕಡೆಗೇ. ನಾಗಸಂದ್ರದ ಹಳೆಯ ಮನೆಗಳಲ್ಲಿ ಕೊಟ್ಟಿಗೆಯನ್ನು ಹೊರಗೆ ಬೇರೆ ಕಟ್ಟುವುದಿಲ್ಲ. ಬೀದಿ ಬಾಗಿಲು ದಾಟಿದರೆ ಎಡಕ್ಕೆ ದನ, ಬಲಕ್ಕೆ ಜನ. ನಡುವೆ ಸೊಂಟದೆತ್ತರದ ಒಂದು ಮೋಟುಗೋಡೆ. ಹೊಲವೆಲ್ಲ ಕಾರ್ಖಾನೆಗೆಂದು ಹೋಗಿ, ಕೆರೆಯ ಕೆಳಗಿನ ಒಂದು ಎಕರೆ ಸೊಪ್ಪಿನ ತೋಟ ಮಾತ್ರ ಉಳಿದಿತ್ತು. ಒಂದು ಎಕರೆಗೆ ಜೋಡಿ ಎತ್ತು ಯಾಕೆ ಎಂದು ಊರೆಲ್ಲ ಕೇಳಿದ ಮೇಲೆ ಅವನೂ ಒಪ್ಪಿ ಮಾರಿದ. ಹಾಗಾಗಿ ಈಗ ಮನೆಯ ಎಡಗಡೆ ಪೂರ್ತಿ ಖಾಲಿ, ಬಲಗಡೆ ಐದು ಜನ.

ಆ ಐದು ಜನ ಮಲಗುವುದು ಒಂದೇ ನಡುಮನೆಯಲ್ಲಿ. ಗೋಡೆಯ ಪಕ್ಕದಲ್ಲಿ ಪಿಳ್ಳಪ್ಪನ ತಾಯಿ ಗೌರಮ್ಮ. ಎಂಬತ್ತು ದಾಟಿದೆ, ಕಿವಿ ಮಂದ, ಕೆಮ್ಮು ಮಾತ್ರ ಚುರುಕು. ಅವಳ ಪಕ್ಕದಲ್ಲಿ ಪಿಳ್ಳಪ್ಪನ ಹೆಂಡತಿ ಮುನಿಕೆಂಪಮ್ಮ. ಕಂಬದ ಹತ್ತಿರ ಪಿಳ್ಳಪ್ಪ. ಆಚೆ ಮೂಲೆಯಲ್ಲಿ ಹಗ್ಗಕ್ಕೆ ಒಂದು ಹಳೆ ಸೀರೆ ಇಳಿಬಿಟ್ಟು, ಅದರ ಹಿಂದೆ ಮಗ ಆಂಜಿನಪ್ಪ ಮತ್ತು ಆರು ತಿಂಗಳ ಹಿಂದೆ ಮದುವೆಯಾಗಿ ಬಂದ ಗಂಗರತ್ನ. ಸೀರೆಯ ಹಿಂದೆ ಬಳೆ ಸದ್ದಾದರೆ ಗೌರಮ್ಮನೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಕೇಳಿಸುತ್ತಿತ್ತು.

ಚೀನಾ ಯುದ್ಧ ಮುಗಿದ ಮರುವರ್ಷ ಅದು. ಆಂಜಿನಪ್ಪ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಶಿಫ್ಟಿನ ಮೇಲೆ ಶಿಫ್ಟು ಮಾಡಿ ಸೋತು ಬರುತ್ತಿದ್ದ. ಗಣೇಶನ ಹಬ್ಬದ ಮಾರನೆಯ ದಿನ ಊಟಕ್ಕೆ ಕೂತವನು ತಟ್ಟೆ ನೋಡಿಕೊಂಡೇ ಮಾತು ತೆಗೆದ.

“ಯಶವಂತಪುರದಲ್ಲಿ ಒಂದು ರೂಮ್ ನೋಡಿದೀನಿ.”

ಮುನಿಕೆಂಪಮ್ಮ ಮುದ್ದೆ ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸಿದಳು.

“ಯಾರ್ಗ್ಲಾ ರೂಮು?” ಎಂದ ಪಿಳ್ಳಪ್ಪ.

“ನಮಗೇ. ಕಾರ್ಖಾನೆಗೆ ಹತ್ರ ಆಗುತ್ತೆ.”

“ಇಲ್ಲಿಂದ್ಲೂ ಅಷ್ಟೇ ದೂರ ಕಣ್ಲಾ. ಇಷ್ಟ್ ದೊಡ್ ಮನೆ ಇಕ್ಕೊಂಡು ಬಾಡಿಗೆ ಮನೇಗ್ ಓಗ್ತೀಯಾ? ಊರೋರ್ಗೆ ನಾನೇನಂತ ಏಳ್ಲಿ?”

“ಊರೋರು ಬಂದು ಇಲ್ಲಿ ಮಲಗ್ತಾರಾ?”

ಗಂಗರತ್ನ ತಲೆ ತಗ್ಗಿಸಿ ನೀರಿನ ಚೊಂಬನ್ನು ಇದ್ದಲ್ಲೇ ತಿರುಗಿಸಿದಳು. ಗೌರಮ್ಮ ಎಲ್ಲರ ಮುಖ ನೋಡಿ, “ಯಾರು ಓದ್ರು?” ಎಂದು ಕೇಳಿದಳು.

“ಯಾರೂ ಓಗಿಲ್ಲ, ನೀವುಣ್ಣಿ ಅತ್ತೆ,” ಎಂದು ಮುನಿಕೆಂಪಮ್ಮ ಕೂಗಿ ಹೇಳಿ ಮಗನ ಕಡೆ ತಿರುಗಿದಳು. “ದೀಪಾವಳಿ ಗಂಟ ಇರಪ್ಪ. ಆಮ್ಯಾಕೆ ನಿಮ್ಮಿಷ್ಟ.”

ಮಗನ ಮೇಲಿನ ಮಮತೆಯಿಂದಷ್ಟೇ ಅವಳು ಆ ಮಾತು ಹೇಳಿದಳೆಂದರೆ ಸುಳ್ಳಾಗುತ್ತದೆ. ಆರು ತಿಂಗಳಿಂದ ಬಾವಿಯ ನೀರು, ಬೆಳಗಿನ ಕಸಮುಸುರೆ, ಗೌರಮ್ಮನ ಸ್ನಾನ, ಇವೆಲ್ಲ ಅರ್ಧಕ್ಕರ್ಧ ಸೊಸೆಯ ಕೈಗೆ ಹೋಗಿದ್ದವು. ಮೂವತ್ತನಾಲ್ಕು ವರ್ಷ ಒಬ್ಬಳೇ ಎಳೆದ ಮನೆ. ಈಗ ಸೊಂಟ ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಅವರಿಬ್ಬರೂ ಹೋದರೆ ಅದೆಲ್ಲ ಮತ್ತೆ ತನ್ನ ತಲೆಗೇ ಬರುತ್ತದೆಂದು ಅವಳಿಗೆ ನಿಜವಾಗಿ ಭಯವಾಯಿತು.

ಪಾತ್ರೆ ಬೆಳಗುವಾಗ ಸೊಸೆಯ ಪಕ್ಕದಲ್ಲಿ ಕೂತು ಕೇಳಿದಳು: “ಏನ್ ಕಡ್ಮೆ ಆಗೈತೆ ನಿಂಗೆ ಇಲ್ಲಿ? ಏಳು.”

“ಏನೂ ಇಲ್ಲ ಅತ್ತೆ.”

“ಏನೂ ಇಲ್ದೆ ಓಗ್ತೀವಿ ಅಂತಾರಾ?”

ಗಂಗರತ್ನ ಮಲ್ಲೇಶ್ವರದ ಗಲ್ಲಿಯೊಂದರಲ್ಲಿ ಬೆಳೆದವಳು, ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಬೂದಿ ಹತ್ತಿದ ಕೈಯಿಂದ ತೆಂಗಿನ ನಾರನ್ನು ಹಿಂಡಿದಳು. “ಒಂದು ರೂಮು ಅಂತ ಇದ್ದಿದ್ರೆ...” ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಅಷ್ಟು ಸಾಕಾಯಿತು ಮುನಿಕೆಂಪಮ್ಮನಿಗೆ. ಬೀಗರ ಮನೆಯನ್ನು ಅವಳು ಎರಡು ಸಲ ನೋಡಿದ್ದಳು. ಅಲ್ಲಿ ರೂಮು ಎಂದರೆ ಗೋಡೆಗೆ ಕನ್ನಡಿ, ಕೂರುವುದಕ್ಕೆ ಕುರ್ಚಿ, ಕಿಟಕಿಗೆ ಪರದೆ. ಇಷ್ಟೇ ತಾನೇ, ಮಾಡಿಬಿಡೋಣ ಎಂದುಕೊಂಡಳು. ಆ ರೂಮಿನ ಬಾಗಿಲನ್ನು ಮಾತ್ರ ಅವಳು ಗಮನಿಸಿ ನೋಡಿರಲಿಲ್ಲ.

ಮಾರನೆಯ ದಿನದಿಂದ ಕೊಟ್ಟಿಗೆಗೆ ಕೈ ಹಾಕಿದಳು. ಗಂಜಲ ಹರಿಯುವ ಕಾಲುವೆಗೆ ಒಡೆದ ಹೆಂಚು ತುಂಬಿ ಮಣ್ಣು ಮೆತ್ತಿದಳು. ಮೋಟುಗೋಡೆಯನ್ನು ಎತ್ತರಿಸುವುದಕ್ಕೆ ಪಿಳ್ಳಪ್ಪನನ್ನು ಕರೆದರೆ ಅವನು ಬೀಡಿ ಹಚ್ಚಿಕೊಂಡು ಕೂತ.

“ದನ ಕಟ್ಟೋ ಜಾಗ್ದಾಗೆ ಮನುಸ್ರುನ್ ಮಲಗಿಸ್ತೀಯಾ?”

“ದನ ಎಲ್ಲೈತೆ ಈಗ?”

“ಮುಂದೆ ತಂದ್ರೆ?”

“ನೀವ್ ತರಾಕಿಲ್ಲ, ನಂಗೊತ್ತು. ಏಳಿ, ಇಟ್ಟಿಗೆ ಕೊಡಿ.”

ಅವನು ಎದ್ದ. ನಾಲ್ಕು ದಿನ ಗೊಣಗುತ್ತಲೇ ಗೋಡೆ ಕಟ್ಟಿದ, ಬಾಗಿಲಿಗೆಂದು ಒಂದು ಕಂಡಿ ಬಿಟ್ಟ. ಎತ್ತುಗಳು ಮೈ ಉಜ್ಜಿ ನುಣುಪಾಗಿದ್ದ ಕಂಬಕ್ಕೆ ಮಾತ್ರ ಸುಣ್ಣ ಬಳಿಯಲು ಬಿಡಲಿಲ್ಲ. ಅದು ಹಾಗೆಯೇ ಕರ್ರಗೆ ಉಳಿಯಿತು.

ಕಾರ್ಖಾನೆಗೆ ಹೊರದೇಶದಿಂದ ಬರುತ್ತಿದ್ದ ಯಂತ್ರಗಳ ಪೆಟ್ಟಿಗೆಯ ಹಲಗೆಗಳನ್ನು ಕೆಲಸಗಾರರು ಅಗ್ಗಕ್ಕೆ ಕೊಳ್ಳಬಹುದಿತ್ತು. ಆಂಜಿನಪ್ಪ ದಿನಕ್ಕೆ ಎರಡರಂತೆ ಸೈಕಲ್ಲಿಗೆ ಕಟ್ಟಿಕೊಂಡು ತಂದ. ಯಾವುದೋ ದೇಶದ ಕಪ್ಪು ಅಕ್ಷರವಿದ್ದ ಆ ಹಲಗೆಗಳನ್ನು ಗೋದಲಿಯ ಮೇಲೆ ಜೋಡಿಸಿದರೆ, ಎತ್ತು ಹುಲ್ಲು ತಿನ್ನುತ್ತಿದ್ದ ಜಾಗ ಟ್ರಂಕು ಇಡುವ ಕಟ್ಟೆಯಾಯಿತು. ಸುಣ್ಣಕ್ಕೆ ನೀಲಿ ಹೆಚ್ಚಾಗಿ ಗೋಡೆ ಆಕಾಶದ ಬಣ್ಣಕ್ಕೆ ತಿರುಗಿದಾಗ ಗಂಗರತ್ನ ಮೊದಲ ಸಲ ನಕ್ಕಳು. ಮುನಿಕೆಂಪಮ್ಮ ತನ್ನ ಮದುವೆಯ ನೂಲಿನ ಸೀರೆಯನ್ನು ಎರಡು ತುಂಡು ಮಾಡಿ ಕೊಟ್ಟಳು; ಸೊಸೆ ಅದಕ್ಕೆ ಮಡಿಕೆ ಹೊಲಿದು ಒಂದನ್ನು ಕಿಟಕಿಗೆ, ಒಂದನ್ನು ಕಂಡಿಗೆ ಕಟ್ಟಿದಳು.

ಕನ್ನಡಿ, ಕುರ್ಚಿ ಸಿಕ್ಕಿದ್ದು ವಾಜಿದ್ ಸಾಬರ ಗುಜರಿಯಲ್ಲಿ. ಯಶವಂತಪುರದಲ್ಲಿ ಸೊಪ್ಪು ಮಾರಿ ಬರುವ ದಾರಿಯಲ್ಲೇ ಅವರ ಅಂಗಡಿ. ಕೆಡವಿದ ಬಂಗಲೆಗಳ ಕಿಟಕಿ, ಮುರಿದ ಮಂಚ, ತುಕ್ಕು ಹಿಡಿದ ತೊಟ್ಟಿ, ಎಲ್ಲ ಬೀದಿವರೆಗೆ ಹರಡಿಕೊಂಡಿರುತ್ತಿತ್ತು. ಕನ್ನಡಿಯ ಒಂದು ಮೂಲೆ ಒಡೆದು ಮೈಮೇಲೆ ಕಂದು ಚುಕ್ಕೆ ಬಿದ್ದಿತ್ತು. ಕುರ್ಚಿಯ ಒಂದು ಕಾಲಿಗೆ ತಂತಿ ಸುತ್ತಿತ್ತು. ಮುನಿಕೆಂಪಮ್ಮ ಕುರ್ಚಿಯನ್ನು ತಲೆಯ ಮೇಲೆ ಬೋರಲು ಹೊತ್ತು, ಕನ್ನಡಿಯನ್ನು ಸೊಪ್ಪಿನ ಬುಟ್ಟಿಯಲ್ಲಿಟ್ಟುಕೊಂಡು ತುಮಕೂರು ರಸ್ತೆಯಲ್ಲಿ ನಡೆದೇ ಬಂದಳು. ಲಾರಿಯವರು ಕೂಗಿ ನಕ್ಕರು.

“ತಲೆ ಮ್ಯಾಲೆ ಕುರ್ಚಿ ಒತ್ಕಂಡು ಊರ್ ಮುಂದೆ ಬಂದ್ಯಲ್ಲ, ಮಾನ ಮರ್ವಾದಿ ಬ್ಯಾಡ್ವಾ?” ಎಂದ ಪಿಳ್ಳಪ್ಪ.

“ಕೂತ್ಕಳಿ ಬನ್ನಿ. ಕಾಲು ಗಟ್ಟಿ ಐತಾ ನೋಡಣ.”

ಅವನು ಕೂತ. ಕುರ್ಚಿ ಕುಯ್ ಎಂದು ಒಂದು ಕಡೆ ವಾಲಿತು. ಆದರೂ ಅವನು ಬೀಡಿ ಮುಗಿಯುವವರೆಗೆ ಏಳಲಿಲ್ಲ.

ದಸರೆಯ ಹೊತ್ತಿಗೆ ಮಗ ಸೊಸೆ ಆ ಕಡೆ ಮಲಗಲು ಶುರು ಮಾಡಿದರು. ಮುನಿಕೆಂಪಮ್ಮನಿಗೆ ಗೆದ್ದಂತಾಯಿತು. ಆದರೆ ಗಂಗರತ್ನಳ ಮುಖ ಎರಡು ದಿನ ಅರಳಿ ಮತ್ತೆ ಬಾಡಿತು. ಮಳೆ ಬಂದರೆ ಮಣ್ಣಿನಡಿಯಿಂದ ಗಂಜಲದ ವಾಸನೆ ಏಳುತ್ತಿತ್ತು. ಅದನ್ನು ಅವಳು ಆಡಲಿಲ್ಲ. ಪರದೆಯ ಕೆಳಗಿಂದ ಕೋಳಿ ನುಗ್ಗುತ್ತಿತ್ತು. ಪಿಳ್ಳಪ್ಪ ಬೆಂಕಿಪೊಟ್ಟಣ ಕೇಳಿಕೊಂಡು ನಿಲ್ಲುತ್ತಿದ್ದ. ಗೌರಮ್ಮನಂತೂ ಗಳಿಗೆಗೊಮ್ಮೆ ಪರದೆ ಎತ್ತಿ ಇಣುಕಿ, “ಎತ್ತು ಎಲ್ಲೋದ್ವು?” ಎಂದು ಕೇಳುತ್ತಿದ್ದಳು.

“ಇನ್ನೂ ಏನಮ್ಮ ಮುಖ ಇಂಗೆ?” ಎಂದು ಒಂದು ದಿನ ಮುನಿಕೆಂಪಮ್ಮ ಸಿಡುಕಿದಳು. “ನನ್ ಸೊಂಟ ಬಿದ್ದೋಯ್ತು ಈ ರೂಮ್ ಮಾಡೋದ್ರಾಗೆ.”

“ಚೆನ್ನಾಗಿದೆ ಅತ್ತೆ. ಒಂದು ಬಾಗ್ಲಿದ್ರೆ ಸಾಕಿತ್ತು.”

“ಬಾಗ್ಲಾ? ಮೊದ್ಲೇ ಏಳಾಕಾಗ್ಲಿಲ್ವಾ?”

ಹೇಳಲಾಗುವುದಿಲ್ಲ ಎಂಬುದೇ ಗಂಗರತ್ನಳ ಕಷ್ಟವಾಗಿತ್ತು. ಬಾಗಿಲು ಬೇಕೆಂದರೆ ಯಾಕೆ ಬೇಕು ಎಂಬುದೂ ಅದರ ಜೊತೆಗೇ ಬರುತ್ತದೆ. ಅತ್ತೆಗೆ ಇದು ಹೊಳೆಯಲಿಲ್ಲ. ತೆಂಗಿನ ಗರಿಯ ತಡಿಕೆಯ ಹಿಂದೆ ಸ್ನಾನ, ಜನ ಏಳುವ ಮೊದಲು ಕತ್ತಲಲ್ಲಿ ಸೀರೆ ಬದಲಾಯಿಸುವುದು, ಹೆರಿಗೆಯಾದದ್ದು ಇದೇ ಮೋಟುಗೋಡೆಯ ಪಕ್ಕ. ಅವಳಿಗೆ ಬದುಕೆಂದರೆ ಅದೇ ಆಗಿತ್ತು.

ಆದರೂ ಬಾಗಿಲು ಹುಡುಕಿದಳು. ವಾಜಿದ್ ಸಾಬರ ಅಂಗಡಿಯ ಹಿಂದೆ ಹಸಿರು ಬಣ್ಣದ ಒಂಟಿ ಬಾಗಿಲೊಂದು ಚೌಕಟ್ಟಿನ ಸಮೇತ ಸಿಕ್ಕಿತು. ತೇಗದ್ದು, ಕೆಳಗಡೆ ಮಾತ್ರ ಗೆದ್ದಲು ತಿಂದಿತ್ತು. ಹಿತ್ತಾಳೆಯ ಸಾಮಾನನ್ನು ಯಾರೋ ಮೊದಲೇ ಕಿತ್ತುಕೊಂಡಿದ್ದರು.

“ಚಿಲಕ ಕಬ್ಬಿಣದ್ದು ಹಾಕಿಕೊಳ್ಳಿ ಅಮ್ಮಾ. ಜೋಡಿ ಇದೆ,” ಎಂದು ವಾಜಿದ್ ಸಾಬರು ಡಬ್ಬದಿಂದ ಎರಡು ಚಿಲಕ ತೆಗೆದರು.

“ಒಂದ್ ಬಾಗ್ಲಿಗೆ ಎಲ್ಡ್ ಯಾಕ್ ಸಾಬ್ರೇ? ನಂಗೇ ಟೋಪಿ ಹಾಕ್ತೀರಾ?”

“ಟೋಪಿ ಅಲ್ಲಮ್ಮಾ. ಒಳಗೊಂದು, ಹೊರಗೊಂದು. ಎರಡೂ ತಗೊಂಡ್ರೆ ಕಡ್ಮೆ ಮಾಡ್ತೀನಿ.”

“ಒಂದೇ ಸಾಕು. ಯಾವ್ ಅರಮನೇನೂ ಕಟ್ಟಿಸ್ತಾ ಇಲ್ಲ ನಾನು.”

ಅವರು ನಕ್ಕು ಒಂದನ್ನು ಮಡಿಲಿಗೆ ಹಾಕಿ, ಇನ್ನೊಂದನ್ನು ಮೊಳೆಗೆ ನೇತುಹಾಕಿದರು.

ಬಾಗಿಲನ್ನು ಕೂರಿಸಿದವನು ಗಾಡಿ ರಿಪೇರಿ ಮಾಡುವ ಚಿಕ್ಕಬೈರಪ್ಪ. ಚಿಲಕ ಯಾವ ಕಡೆಗೆ ಎಂದು ಅವನು ಕೇಳಲಿಲ್ಲ, ಮುನಿಕೆಂಪಮ್ಮ ಹೇಳಲೂ ಇಲ್ಲ. ಆ ಊರಿನಲ್ಲಿ ಬೀದಿ ಬಾಗಿಲಿಗೆ ಒಳಗಡೆ ಅಗುಳಿ. ಮನೆಯೊಳಗೆ ಬಾಗಿಲೆಂದು ಇದ್ದರೆ ಅದು ಉಗ್ರಾಣಕ್ಕೆ. ಇಲಿ, ಕೋಳಿ, ಕುರಿಮರಿ ನುಗ್ಗದಂತೆ ಅದಕ್ಕೆ ಚಿಲಕ ಹೊರಗಡೆ. ಉಗ್ರಾಣದೊಳಗೆ ನಿಂತು ಚಿಲಕ ಹಾಕಿಕೊಳ್ಳುವವರು ಯಾರು? ಚಿಕ್ಕಬೈರಪ್ಪ ಹೊರಗಡೆ ನಿಂತು ಮೊಳೆ ಹೊಡೆದ, ಎರಡು ಸಲ ಎಳೆದು ನೋಡಿದ, ಕಾಫಿ ಕುಡಿದು ಹೋದ.

ಗಂಗರತ್ನ ಬಾಗಿಲನ್ನು ತೆರೆದು ಈ ಕಡೆ ನೋಡಿದಳು, ಮುಚ್ಚಿ ಆ ಕಡೆ ನೋಡಿದಳು.

“ಎಂಗದೆ?” ಎಂದಳು ಮುನಿಕೆಂಪಮ್ಮ. ಅವಳ ಹಣೆಯ ಮೇಲೆ ಹಸಿರು ಬಣ್ಣದ ಪುಡಿ ಅಂಟಿತ್ತು.

“ಚೆನ್ನಾಗಿದೆ ಅತ್ತೆ,” ಎಂದಳು ಗಂಗರತ್ನ.

ಆ ಸಂಜೆ ಹಿತ್ತಲಲ್ಲಿ ಗಂಡ ಹೆಂಡತಿ ಮೆಲ್ಲಗೆ ಜಗಳವಾಡಿದರು.

“ನಿಮ್ಮಮ್ಮನಿಗೆ ನೀವೇ ಹೇಳಿ.”

“ಏನಂತ ಹೇಳ್ಲಿ? ಒಳಗಡೆ ಚಿಲಕ ಹಾಕ್ಸಮ್ಮ ಅಂತಾನಾ? ಅಪ್ಪ ಅಲ್ಲೇ ಕೂತಿರ್ತಾರೆ.”

“ನೀವೇ ಫಿಟ್ಟರ್ ಅಲ್ವಾ. ನಾಲ್ಕು ಮೊಳೆ ಹೊಡೆಯಕ್ಕೆ ಬರಲ್ವಾ?”

“ಹೊಡೆದ್ರೆ ಸದ್ದಾಗುತ್ತೆ. ಯಾಕ್ಲಾ ಅಂತ ಕೇಳ್ತಾರೆ.”

ಕಾರ್ಖಾನೆಯಲ್ಲಿ ಆನೆ ಗಾತ್ರದ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಿದ್ದವನಿಗೆ ತನ್ನ ಮನೆಯಲ್ಲಿ ಒಂದು ಚಿಲಕ ಹೊಡೆಯಲು ನಾಚಿಕೆ. ಅವರು ಬಾಗಿಲಿಗೆ ಒಳಗಿಂದ ಕುರ್ಚಿ ಒತ್ತಿಟ್ಟು ಮಲಗತೊಡಗಿದರು. ತಂತಿ ಸುತ್ತಿದ ಕಾಲು ಜಾರಿ ಕುರ್ಚಿ ದಡಾರನೆ ಬಿದ್ದಾಗ ನಡುಮನೆಯಿಂದ ಪಿಳ್ಳಪ್ಪ, “ಏನ್ಲಾ ಅದು?” ಎಂದು ಕೇಳುತ್ತಿದ್ದ.

ಹೀಗೆ ಹತ್ತು ದಿನ ಕಳೆಯಿತು. ಒಂದು ಮಂಗಳವಾರ ಮಧ್ಯಾಹ್ನ ಪಿಳ್ಳಪ್ಪ, ಮುನಿಕೆಂಪಮ್ಮ ತೋಟದಲ್ಲಿ ಸೊಪ್ಪು ಕೀಳುತ್ತಿದ್ದರು, ಆಂಜಿನಪ್ಪ ಕೆಲಸದಲ್ಲಿದ್ದ. ಗಂಗರತ್ನ ಕಸಮುಸುರೆ ಮುಗಿಸಿ, ತಲೆನೋವೆಂದು ಬಾಗಿಲು ಮುಂದೆ ಮಾಡಿಕೊಂಡು ಮಲಗಿದಳು. ಗೌರಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಹೋಗುವಾಗ ಬಾಗಿಲ ಬಳಿ ಕೋಳಿಯೊಂದನ್ನು ಕಂಡು ಹುಶ್ ಎಂದಳು. ಆಮೇಲೆ ಅರವತ್ತು ವರ್ಷದ ಅಭ್ಯಾಸದಂತೆ ಕೈ ಎತ್ತಿ ಚಿಲಕ ಹಾಕಿ ಮುಂದೆ ಹೋದಳು.

ಗಂಗರತ್ನ ಎದ್ದಾಗ ಬಾಗಿಲು ಬರಲಿಲ್ಲ. ತಟ್ಟಿದಳು, ಕೂಗಿದಳು. ಜಗಲಿಯಲ್ಲಿದ್ದ ಗೌರಮ್ಮನಿಗೆ ಅದು ಕೇಳಿಸುವುದಾದರೂ ಹೇಗೆ? ಬೀದಿಯಲ್ಲಿ ಬಳೆ ಮಾರುವ ಮುಜಫ್ಫರ್ ಬಂದು ನಿಂತವನು ಒಳಗಿನ ಕೂಗು ಕೇಳಿ, “ಯಾರೋ ಬಾಗ್ಲು ತೆಗೀರಿ ಅಂತಾವ್ರೆ ಅಜ್ಜೀ,” ಎಂದ.

“ಯಾವ್ ಬಳೇನೂ ಬ್ಯಾಡ ಕಣಪ್ಪ,” ಎಂದಳು ಗೌರಮ್ಮ.

“ಒಳಗ್ಡೆ ಯಾರೋ ಇದಾರೆ,” ಎಂದು ಅವನು ಒಳಗಿನ ಬಾಗಿಲ ಕಡೆ ಕೈ ತೋರಿಸಿ ಕೂಗಿದ.

“ಅದು ರಾಗಿ ಉಗ್ರಾಣ. ಇಲಿ.”

ಗಂಡಸರಿಲ್ಲದ ಮನೆಯೊಳಗೆ ಹೇಗೆ ಕಾಲಿಡುವುದೆಂದು ಮುಜಫ್ಫರ್ ಸ್ವಲ್ಪ ಹೊತ್ತು ನಿಂತ, ಆಮೇಲೆ ಬಳೆಯ ಮಲಾರ ಹೆಗಲಿಗೇರಿಸಿ ಹೋದ. ಅವನು ಗುರುವಾರ ಗುರುವಾರ ಮಲ್ಲೇಶ್ವರದ ಗಲ್ಲಿಗಳಿಗೆ ಹೋಗುವವನು, ಗಂಗರತ್ನಳ ಮದುವೆಗೆ ಬಳೆ ತೊಡಿಸಿದವನೂ ಅವನೇ.

ನಾಲ್ಕು ಗಂಟೆಗೆ ಸೊಪ್ಪಿನ ಹೊರೆ ಇಳಿಸಿದ ಮುನಿಕೆಂಪಮ್ಮ ಚಿಲಕ ತೆಗೆದಳು. ಗಂಗರತ್ನ ಅವಳನ್ನು ದಾಟಿಕೊಂಡು ಹಿತ್ತಲಿಗೆ ಓಡಿದಳು. ತಿರುಗಿ ಬಂದಾಗ ಕಣ್ಣು ಊದಿತ್ತು, ಅಂಗೈ ಕೆಂಪಾಗಿತ್ತು. ಮುನಿಕೆಂಪಮ್ಮ ಗೌರಮ್ಮನ ಮುಂದೆ ನಿಂತು ಗಂಟಲು ಹರಿಯುವಂತೆ ಬೈದಳು. ಗೌರಮ್ಮ, “ಕೋಳಿ ನುಗ್ತದೆ ಕಣೆ, ಅದ್ಕೇ ಚಿಲಕ ಹಾಕ್ದೆ,” ಎಂದಳು. ಅದರಲ್ಲಿ ತಪ್ಪೇನೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಗಂಗರತ್ನಳ ತಂದೆ ವೆಂಕಟರಾಮಯ್ಯ ಬಂದರು. ಮಿಲ್ಲಿನಲ್ಲಿ ಟೈಂಕೀಪರ್, ಮಾತು ಕಡಿಮೆ. ಕೊಟ್ಟ ಕಾಫಿ ಮುಟ್ಟದೆ ಹಸಿರು ಬಾಗಿಲ ಮುಂದೆ ನಿಂತು ಚಿಲಕವನ್ನು ಬೆರಳಿನಿಂದ ಹಾಕಿ ತೆಗೆದರು.

“ಬೀಗ್ರೇ, ನಾನು ಜಗಳಕ್ಕೆ ಬಂದಿಲ್ಲ. ನಮ್ಮ ಹುಡುಗೀನ ಕೂಡಿಹಾಕ್ತಾರೆ ಅಂತ ಮಲ್ಲೇಶ್ವರದಲ್ಲಿ ಮಾತಾಗಿದೆ. ಸುಳ್ಳಿರ್ಲಿ ಅಂದ್ಕೊಂಡೇ ಬಂದೆ. ಇಲ್ಲಿ ನೋಡಿದ್ರೆ ಹೊರಗಡೆ ಚಿಲಕ ಇದೆ.”

“ಕೂಡಾಕೋದಾ?” ಮುನಿಕೆಂಪಮ್ಮ ಮುಂದೆ ಬಂದಳು. “ಆ ಬಾಗ್ಲಿಗೆ ನಾನು ಎಷ್ಟ್ ಸಲ ಯಶಂತ್ಪುರಕ್ಕೆ ಅಲೆದಿವ್ನಿ ಗೊತ್ತಾ? ಚಿಲಕ ಎಲ್ಲಾರ್ ಮನ್ಯಾಗೂ ಒರಗ್ಡೇನೆ ಇರಾದು.”

“ಉಗ್ರಾಣಕ್ಕೆ ಹೊರಗಡೆ. ಮನುಷ್ಯರು ಮಲಗೋ ರೂಮಿಗೆ ಒಳಗಡೆ ಇರುತ್ತಮ್ಮ.”

“ಒಳಗ್ಡೆ ಯಾಕೆ?” ಎಂದ ಪಿಳ್ಳಪ್ಪ. “ಮನೆ ಒಳ್ಗೆ ಕಳ್ಳರವ್ರಾ?”

ಆಂಜಿನಪ್ಪ ಸೈಕಲ್ಲಿನ ಚೈನು ನೋಡುತ್ತ ನಿಂತಿದ್ದ. ಕೊನೆಗೆ ಗಂಗರತ್ನಳೇ ಮಾತಾಡಿದಳು, ಗೋಡೆಯ ಕಡೆ ಮುಖ ಮಾಡಿಕೊಂಡು.

“ಅಜ್ಜಿ ಬಾಗ್ಲು ತಳ್ಳಿ ಇಣುಕ್ತಾರೆ ಮಾವ. ನೀವು ಬೆಂಕಿಪೊಟ್ಟಣ ಅಂತ ಬಂದು ನಿಲ್ತೀರಿ. ಒಂದು ಸೀರೆ ಬದಲಾಯಿಸ್ಬೇಕು ಅಂದ್ರೂ ನಾನು ನಾಲ್ಕು ಸಲ ಹಿಂದೆ ತಿರುಗಿ ನೋಡ್ಬೇಕು. ಮದುವೆಯಾಗಿ ಎಂಟು ತಿಂಗಳಾಗ್ತಾ ಬಂತು. ನಂಗೆ ಕನ್ನಡಿ ಬೇಕಿರ್ಲಿಲ್ಲ, ಕುರ್ಚಿ ಬೇಕಿರ್ಲಿಲ್ಲ. ಒಳಗಡೆ ಒಂದು ಚಿಲಕ ಇದ್ದಿದ್ರೆ ಸಾಕಾಗಿತ್ತು.”

ಪಿಳ್ಳಪ್ಪ ಎದ್ದು ಜಗಲಿಗೆ ಹೋದ. ಮುನಿಕೆಂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಏಳ್ಬೇಕಾಗಿತ್ತು ಕಣಮ್ಮ,” ಎಂದಳು.

“ಹೇಗ್ ಹೇಳ್ಲಿ ಅತ್ತೆ?”

ವೆಂಕಟರಾಮಯ್ಯ ಮಗಳನ್ನು ಎಂಟು ದಿನ ಇದ್ದು ಬರಲಿ ಎಂದು ಕರೆದುಕೊಂಡು ಹೋದರು. ಟ್ರಂಕು ಮಾತ್ರ ಗೋದಲಿಯ ಮೇಲೆ ಉಳಿಯಿತು.

ಆ ಎಂಟು ದಿನದಲ್ಲಿ ಆಂಜಿನಪ್ಪ ಶಿಫ್ಟು ಮುಗಿಸಿ ಹೆಚ್ಚಾಗಿ ಅತ್ತೆಯ ಮನೆಗೇ ಹೋದ. ಬಂದ ದಿನ ತಲೆ ತಗ್ಗಿಸಿ ಉಂಡು ಮಲಗಿದ. ಒಂದು ಬೆಳಿಗ್ಗೆ ಸೈಕಲ್ ಹತ್ತುವಾಗ ಹೇಳಿದ: “ರೂಮಿಗೆ ಅಡ್ವಾನ್ಸ್ ಕೊಟ್ಟಿದೀನಮ್ಮ. ಸೋಮವಾರ ಅವಳ್ನ ಕರ್ಕೊಂಡ್ ಬರ್ತೀನಿ. ಟ್ರಂಕ್ ತಗೊಂಡು ಸಂಜೆ ಬಸ್ಸಿಗೆ ಹೋಗ್ತೀವಿ.”

“ದೀಪಾವಳಿಗೆ ಇನ್ನೂ ನಾಕ್ ದಿನ ಐತಲ್ಲಪ್ಪ.”

“ಹಬ್ಬಕ್ಕೆ ಬರ್ತೀವಿ ಬಿಡಮ್ಮ.”

ಮುನಿಕೆಂಪಮ್ಮ ಅಳಲಿಲ್ಲ. ಅಳುವುದಕ್ಕೂ ಒಂದು ಕಡೆ ಕೂರಬೇಕು, ಅವಳಿಗೆ ಕೂರಲು ಪುರಸೊತ್ತಿರಲಿಲ್ಲ. ನೀರು, ಮುದ್ದೆ, ಸೊಪ್ಪು, ಗೌರಮ್ಮನ ಸ್ನಾನ, ಎಲ್ಲ ತಿರುಗಿ ಬಂದಿದ್ದವು. ಗೌರಮ್ಮ ದಿನಕ್ಕೆ ಹತ್ತು ಸಲ, “ಆ ಉಡುಗಿ ಎಲ್ಲೋಯ್ತು?” ಎಂದು ಕೇಳುತ್ತಿದ್ದಳು. ಪಿಳ್ಳಪ್ಪ ಆ ಬಾಗಿಲ ಕಡೆ ನೋಡುವುದನ್ನೇ ಬಿಟ್ಟಿದ್ದ.

ಸೋಮವಾರ ಬೆಳಿಗ್ಗೆ ಸೊಪ್ಪು ಮಾರಿ ಖಾಲಿ ಬುಟ್ಟಿ ಹಿಡಿದು ವಾಜಿದ್ ಸಾಬರ ಅಂಗಡಿಯ ಮುಂದೆ ನಿಂತಳು.

“ಆ ಇನ್ನೊಂದು ಚಿಲಕ ಐತಾ ಸಾಬ್ರೇ?”

ಅದು ಅದೇ ಮೊಳೆಯಲ್ಲಿ ತೂಗುತ್ತಿತ್ತು. ವಾಜಿದ್ ಸಾಬರು ನಗಲಿಲ್ಲ. “ನಿಮ್ದೇ ಅಂತ ಇಟ್ಟಿದ್ದೆ ಅಮ್ಮಾ,” ಎಂದು ನಾಲ್ಕು ಮೊಳೆಯ ಜೊತೆ ಕೊಟ್ಟರು.

ಹೋಗುವವರಿಗೆ ಚಿಲಕ ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಮಾಡಿದ ಕೆಲಸ ಅರ್ಧಕ್ಕೆ ನಿಂತದ್ದು ಅವಳನ್ನು ಚುಚ್ಚುತ್ತಿತ್ತು, ಅಷ್ಟೆ. ಚಿಕ್ಕಬೈರಪ್ಪನನ್ನು ಕರೆಯಲಿಲ್ಲ. ರೂಮಿನೊಳಗೆ ನಿಂತು, ಹೊರಗಿನ ಚಿಲಕಕ್ಕೆ ಸರಿಯಾಗಿ ಅಳತೆ ನೋಡಿ, ಖಾರ ಕುಟ್ಟುವ ಗುಂಡುಕಲ್ಲಿನಿಂದ ಮೊಳೆ ಹೊಡೆದಳು. ಒಂದು ಮೊಳೆ ಸೊಟ್ಟಗಾಯಿತು, ಒಂದು ಏಟು ಹೆಬ್ಬೆರಳಿಗೆ ಬಿತ್ತು. ಮುಗಿದ ಮೇಲೆ ಕೂಡುತ್ತದೋ ಇಲ್ಲವೋ ನೋಡಲು ಬಾಗಿಲು ಮುಚ್ಚಿ ಚಿಲಕ ಎಳೆದಳು.

ಕಟ್ ಎಂದು ಕೂತಿತು.

ಹೊರಗಿನ ಮನೆ ದೂರವಾದಂತಾಯಿತು. ಕಿಟಕಿಯ ಪರದೆಯಿಂದ ತನ್ನ ಮದುವೆ ಸೀರೆಯ ಬಣ್ಣದ ಬೆಳಕು ನೀಲಿ ಗೋಡೆಯ ಮೇಲೆ ಬಿದ್ದ ಹಾಗೆ ಕಂಡಿತು. ಕನ್ನಡಿಯಲ್ಲಿ ಚುಕ್ಕೆ ಚುಕ್ಕೆಯಾದ ಒಂದು ಮುದುಕಿಯ ಮುಖವಿತ್ತು. ಒಂದು ಗಳಿಗೆ ಕೂತು ಏಳೋಣವೆಂದು ಚಾಪೆಯ ಮೇಲೆ ಕೂತಳು. ಯಾರಾದರೂ ಬಂದಾರು ಎಂದು ಸೆರಗು ಸರಿಮಾಡಿಕೊಳ್ಳಲು ಹೋದ ಕೈ ಅರ್ಧದಲ್ಲೇ ನಿಂತಿತು. ಯಾರೂ ಬರುವಂತಿರಲಿಲ್ಲ. ಈ ಮನೆಗೆ ಬಂದ ಮೇಲೆ ಮೊದಲ ಸಲ ಅವಳು ಯಾರ ಕಣ್ಣಿಗೂ ಬೀಳದ ಕಡೆ ಇದ್ದಳು.

“ಕೆಂಪೀ,” ಎಂದು ಗೌರಮ್ಮ ಕರೆದಳು. ಮುನಿಕೆಂಪಮ್ಮ ಏಳಲು ನೋಡಿದಳು, ಸೊಂಟ ಒಪ್ಪಲಿಲ್ಲ. ಆಮೇಲೆ ಅವಳೂ ಒತ್ತಾಯಿಸಲಿಲ್ಲ. ತೋಳನ್ನು ತಲೆಗೆ ಕೊಟ್ಟು ಮಲಗಿದಳು.

ಸಂಜೆ ನಾಲ್ಕೂವರೆಗೆ ಆಂಜಿನಪ್ಪ, ಗಂಗರತ್ನ ಬಂದಾಗ ಪಿಳ್ಳಪ್ಪ ಹಸಿರು ಬಾಗಿಲ ಮುಂದೆ ದಿಕ್ಕು ತೋಚದೆ ನಿಂತಿದ್ದ. ಒಲೆ ಹಚ್ಚಿರಲಿಲ್ಲ. ತೋಟದಿಂದ ಅವನು ಕಿತ್ತು ತಂದ ಸೊಪ್ಪು ಕಂತೆ ಕಟ್ಟದೆ ಬಾಡುತ್ತಿತ್ತು. ಕೋಳಿಗಳು ನಡುಮನೆ ತುಂಬ ಓಡಾಡುತ್ತಿದ್ದವು.

“ನಿಮ್ಮವ್ವ ಒಳಗವ್ಳೆ ಕಣ್ಲಾ. ಬಾಗ್ಲು ಬರ್ತಾ ಇಲ್ಲ. ಒರಗ್ಡೆ ಚಿಲಕಾನೂ ಹಾಕಿಲ್ಲ.”

ಆಂಜಿನಪ್ಪ ಬಾಗಿಲನ್ನು ತಳ್ಳಿ ನೋಡಿದ. ಗಾಬರಿಯಿಂದ ತಟ್ಟಲು ಕೈ ಎತ್ತಿದ. ಗಂಗರತ್ನ ಅವನ ಕೈ ತಡೆದು ಬಾಗಿಲಿಗೆ ಕಿವಿ ಇಟ್ಟಳು. ಒಳಗಿನಿಂದ ಗೊರಕೆ ಕೇಳಿಸಿತು. ದಣಿದವರು ಮಲಗಿದಾಗ ಬರುವ ದಪ್ಪ ಗೊರಕೆ. ಬಾಗಿಲಿನ ಹಸಿರು ಬಣ್ಣ ಸೀಳಿ ಹೊರಗೆ ಬಂದಿದ್ದ ಒಂದು ಮೊಳೆಯ ತುದಿಯನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ಒಳಗಡೆ ಏನು ಹೊಡೆದಿದ್ದಾರೆಂದು ಅವಳಿಗೆ ತಿಳಿಯಿತು.

“ಎಬ್ಬಿಸ್ಬೇಡಿ,” ಎಂದಳು.

“ಟ್ರಂಕ್ ಒಳಗಿದೆ. ಐದೂವರೆ ಬಸ್ಸು,” ಎಂದ ಆಂಜಿನಪ್ಪ.

“ಹೋದ್ರೆ ಹೋಗ್ಲಿ.”

“ಅಡ್ವಾನ್ಸ್ ಕೊಟ್ಟಿದೀನಲ್ಲೇ.”

ಗಂಗರತ್ನ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಳಿಗಳನ್ನು ಹಿತ್ತಲಿಗೆ ಅಟ್ಟಿದಳು. ಜಗಲಿಯಿಂದ ಗೌರಮ್ಮ, “ಕೆಂಪಿ ಎಲ್ಲೋದ್ಲು?” ಎಂದು ಕೂಗಿದಳು. ಗಂಗರತ್ನ ಅವಳ ಕಿವಿಯ ಹತ್ತಿರ ಬಗ್ಗಿ, “ಮಲಗಿದಾರೆ ಅಜ್ಜಿ,” ಎಂದಳು.

“ಈ ಒತ್ನಾಗಾ?” ಎಂದ ಪಿಳ್ಳಪ್ಪ. ಹೆಂಡತಿ ಹಗಲು ಹೊತ್ತು ಮಲಗಿದ್ದನ್ನು ಅವನು ಈ ಮೂವತ್ತನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. “ಎಷ್ಟೊತ್ತಿಗ್ ಏಳ್ತಾಳೆ?”

“ಎದ್ದಾಗ ಏಳ್ತಾರೆ ಮಾವ. ಬೆಂಕಿಪೊಟ್ಟಣ ಎಲ್ಲಿದೆ ಕೊಡಿ, ಒಲೆ ಹಚ್ತೀನಿ.”

ಪಿಳ್ಳಪ್ಪ ಜೇಬಿನಿಂದ ತೆಗೆದು ಕೊಟ್ಟ. ಆಮೇಲೆ ಸೊಪ್ಪಿನ ರಾಶಿಯ ಮುಂದೆ ಕೂತು, ಒಂದೊಂದೇ ಕಂತೆ ಕಟ್ಟತೊಡಗಿದ.